ಮೂವತ್ತೈದನೆಯ ಮೆಟ್ಟಿಲು

ಅವಳು ಚಪ್ಪಲಿ ಹಾಕಿಕೊಂಡೇ ಅಳತೆ ಕೊಟ್ಟಿದ್ದಳೆಂಬುದು ಅವನಿಗೆ ಹೊಳೆದದ್ದು ನಾಲ್ಕು ಮರದ ತುಂಡುಗಳನ್ನೂ ಕತ್ತರಿಸಿ, ಮರಳುಕಾಗದದಿಂದ ಉಜ್ಜಿ, ಕಾರ್ಖಾನೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಮೇಲೆ. ಮಂಚದ ನಾಲ್ಕು ಕಾಲುಗಳ ಕೆಳಗೆ ಕೂರಬೇಕಾದ ತುಂಡುಗಳು ಅವು. ಹೆರಿಗೆಯಾಗಿ ಮನೆಗೆ ಬಂದವಳು ಮಂಚದಿಂದ ಏಳುವಾಗ ಹೊಲಿಗೆ ಎಳೆದುಕೊಳ್ಳಬಾರದು. ಪಕ್ಕಕ್ಕೆ ಹೊರಳಿ ಕಾಲು ಇಳಿಬಿಟ್ಟರೆ ಸಾಕು, ಪಾದ ತಾನಾಗಿ ನೆಲ ಮುಟ್ಟಬೇಕು. ಅದಕ್ಕಾಗಿ ನೆಲದಿಂದ ಅವಳ ಮಂಡಿಯ ಹಿಂದಿನ ಮಡಿಕೆಯವರೆಗೆ ಟೇಪು ಹಿಡಿದು ಹದಿನೇಳೂವರೆ ಇಂಚು ಎಂದು ಬರೆದುಕೊಂಡಿದ್ದ. ಅದರಲ್ಲಿ ಮುಕ್ಕಾಲು ಇಂಚು ಚಪ್ಪಲಿಯದು. ಹದಿನೈದು ವರ್ಷದಿಂದ ಮಂಚ ಕುರ್ಚಿ ಮಾಡಿಕೊಂಡು ಬಂದವನು, ಎಂತೆಂಥ ದೊಡ್ಡ ಮನುಷ್ಯರಿಗೂ ‘ಸ್ವಲ್ಪ ಚಪ್ಪಲಿ ಬಿಟ್ಟು ನಿಂತ್ಕೊಳ್ಳಿ’ ಎಂದು ಮುಲಾಜಿಲ್ಲದೆ ಹೇಳಿದವನು, ಸ್ವಂತ ಹೆಂಡತಿಯ ಕಾಲ ಬುಡದಲ್ಲಿ ಕುಳಿತಾಗ ಮಂಕು ಕವಿದವನಂತೆ ಅದನ್ನೇ ಮರೆತಿದ್ದ. ಮರೆಯುವುದಕ್ಕೆ ಕಾರಣವೂ ಇತ್ತು. ಅವನು ಟೇಪು ಎಳೆಯುತ್ತಿದ್ದಾಗ ಅವಳು ಒಂಬತ್ತು ತಿಂಗಳ ಭಾರಕ್ಕೆ ತೂಗಾಡಿ, ಬೀಳದಿರಲೆಂದು ಅವನ ತಲೆಯ ಮೇಲೆ ಅಂಗೈ ಊರಿದ್ದಳು. “ಏನ್ರೀ, ನನಗೆ ಬೀರು ಮಾಡ್ತಿದ್ದೀರೋ, ನನ್ನನ್ನೇ ಬೀರು ಮಾಡ್ತಿದ್ದೀರೋ?” ಎಂದು ನಕ್ಕಿದ್ದಳು. ಆ ಕೈಯ ಬಿಸಿ ಕೂದಲಿನೊಳಕ್ಕೆ ಇಳಿಯುತ್ತಿದ್ದಾಗ ಚಪ್ಪಲಿ ಯಾರಿಗೆ ನೆನಪಿರುತ್ತದೆ? ಆದರೆ ಮುಕ್ಕಾಲು ಇಂಚು ಎತ್ತರವಾದರೆ ಪಾದ ನೆಲಕ್ಕೆ ತಾಗುವುದಿಲ್ಲ, ಅವಳು ಮುಂದಕ್ಕೆ ಜಾರಬೇಕಾಗುತ್ತದೆ, ಜಾರುವಾಗಲೇ ಹೊಲಿಗೆಗೆ ಪೆಟ್ಟು. ತುಂಡುಗಳ ಮುಂದೆ ಕುಳಿತು ಅವನು ಆ ಜಾರುವಿಕೆಯನ್ನು ತನ್ನ ಮೈಯಲ್ಲೇ ನಾಲ್ಕೈದು ಸಲ ಅನುಭವಿಸಿದ.

“ಏನಪ್ಪಾ, ಬೆಳಗ್ಗಿಂದ ನಾಲ್ಕು ತುಂಡು ಮುಂದೆ ಇಟ್ಕೊಂಡು ಧ್ಯಾನ ಮಾಡ್ತಿದ್ದೀಯ?” ಎಂದು ಮೇಸ್ತ್ರಿ ಹಿಂದಿನಿಂದ ಬಂದರು. ಕಾರ್ಖಾನೆಯಲ್ಲಿ ಅವರಿಗಿಂತ ಹಳಬರಿರಲಿಲ್ಲ. ಕಿವಿ ಮಂದ, ಕಣ್ಣು ಚುರುಕು.

“ಮುಕ್ಕಾಲಿಂಚು ಜಾಸ್ತಿ ಆಯ್ತು ಮೇಸ್ತ್ರಿ.”

“ಜಾಸ್ತಿ ತಾನೆ? ಕೊಯ್ದು ಬಿಸಾಕು. ಕಮ್ಮಿ ಆಗಿದ್ದಿದ್ರೆ ತಲೆ ಮೇಲೆ ಕೈ ಹೊತ್ಕೊಂಡು ಕೂರಬೇಕಿತ್ತು.” ಒಂದು ತುಂಡನ್ನು ಎತ್ತಿ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಯಾತಕ್ಕೆಂದು ಕೇಳಿ ತಿಳಿದುಕೊಂಡರು. “ನನ್ನವಳು ಐದು ಹೆತ್ತಳು. ಒಂದು ಸಲಾನೂ ನಾನು ಮಂಚದ ಕಾಲು ಅಳೆದವನಲ್ಲ,” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. “ಮಂಚಾನೇ ಇರ್ಲಿಲ್ಲ ಅನ್ನು. ನೆಲದ ಮೇಲೇ ಮಲಗ್ತಿದ್ಲು. ಹೇಗೆ ಏಳ್ತಿದ್ಲೋ, ನಾನು ನೋಡೇ ಇಲ್ಲ ಕಣೋ.” ತುಂಡನ್ನು ಇಟ್ಟು, ಮಧ್ಯಾಹ್ನ ರಜೆ ಬೇಕಾದರೆ ಹೋಗು ಎಂದು ಹೇಳಿ ತಮ್ಮ ಗರಗಸದ ಕಡೆಗೆ ನಡೆದರು.

ಬಡಗಿಗಳು ಲೆಕ್ಕವನ್ನು ಕಾಗದದ ಮೇಲೆ ಬರೆಯುವುದಿಲ್ಲ, ಕೈಗೆ ಸಿಕ್ಕ ಮರದ ಮೇಲೆ ಬರೆಯುತ್ತಾರೆ. ಅವನ ಬಾಣಂತನದ ಯೋಜನೆಯೂ ಒಂದೂವರೆ ಅಡಿ ಅಗಲದ ಪ್ಲೈವುಡ್ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಇತ್ತು. ಎರಡು ತಿಂಗಳಿಂದ ಬರೆದು, ಅಳಿಸಿ, ಮತ್ತೆ ಬರೆದು ಮರ ಬೂದು ಬಣ್ಣಕ್ಕೆ ತಿರುಗಿತ್ತು. ಬಚ್ಚಲಲ್ಲಿ ಹಿಡಿದುಕೊಂಡು ಏಳಲು ಗೋಡೆಗೆ ಒಂದು ಹಿಡಿ. ಹಾಲು ಕುಡಿಸುವಾಗ ಪಾದ ಇಡಲು ಗಿಡ್ಡ ಮಣೆ. ಬಗ್ಗದೆ ಕೈಗೆಟುಕುವಂತೆ ನೀರಿನ ಬಾಟಲಿಗೂ ಮಗುವಿನ ಬಟ್ಟೆಗೂ ಮೊಣಕೈ ಎತ್ತರದಲ್ಲಿ ಗೂಡು. ಮೊದಲ ವಾರ ಕಿಟಕಿಯವರೆಗೆ ನಡಿಗೆ, ಎರಡನೆಯ ವಾರ ಬಾಗಿಲವರೆಗೆ, ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತುವ ಹಾಗಿಲ್ಲ, ನಾಲ್ಕು ವರ್ಷದ ಮಗಳು ಚೋಟಿ ಎಷ್ಟೇ ರಂಪ ಮಾಡಿದರೂ ಅವಳನ್ನೂ ಎತ್ತುವ ಹಾಗಿಲ್ಲ. ರಕ್ತಸ್ರಾವ ಕಡಿಮೆಯಾಗುತ್ತ ಬಂದದ್ದು ಮತ್ತೆ ಹೆಚ್ಚಿದರೆ ಮೈ ದಣಿದಿದೆ ಎಂದೇ ಅರ್ಥ, ಮಲಗಿಸಬೇಕು, ಡಾಕ್ಟರಿಗೆ ಫೋನು ಮಾಡಬೇಕು. ಇವೆಲ್ಲ ಅವನ ಸ್ವಂತ ಬುದ್ಧಿಯಲ್ಲ, ಆಸ್ಪತ್ರೆಯ ಸಿಸ್ಟರನ್ನು ಬೆನ್ನುಬಿಡದೆ ಕೇಳಿ ತಿಳಿದದ್ದು. ಹೋದ ವಾರ ಸಾಲಿನಲ್ಲಿ ಹತ್ತಾರು ಹೆಂಗಸರು ಕೂತಿದ್ದಾಗ, ಇವನು ಪೆನ್ಸಿಲು ಕಿವಿಯಿಂದ ತೆಗೆದು, “ದಿನಕ್ಕೆ ಎಷ್ಟು ಮೆಟ್ಟಿಲು ಹತ್ತಬಹುದು ಸಿಸ್ಟರ್? ಕೆಳಗಿನ ಸ್ನಾಯು ಬಿಗಿಹಿಡಿಯೋ ವ್ಯಾಯಾಮ ಅಂದ್ರಲ್ಲ, ಅದು ಬೆಳಗ್ಗೆ ಎಷ್ಟು, ಸಂಜೆ ಎಷ್ಟು?” ಎಂದಿದ್ದ. ಸಿಸ್ಟರು ಕನ್ನಡಕದ ಮೇಲಿಂದ ನೋಡಿ, “ಹೆರೋದು ಯಾರು, ನೀವಾ ಅವರಾ?” ಎಂದುಬಿಟ್ಟಿದ್ದರು. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಂಡತಿಯೂ ನಕ್ಕಳು, ನಗುತ್ತಲೇ ಅವನ ಅಂಗಿಯ ತೋಳು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವನ ಕಿವಿ ಕೆಂಪಗಾಗಿತ್ತು. ಆದರೂ ಬರೆದುಕೊಳ್ಳುವುದನ್ನು ಬಿಡಲಿಲ್ಲ. ಪ್ಲೈವುಡ್ಡಿನ ತುದಿಯಲ್ಲಿ, ಎಲ್ಲಕ್ಕಿಂತ ಮೇಲೆ, ಎರಡು ಗೆರೆ ಎಳೆದು ಬರೆದ ಒಂದು ಸಾಲಿತ್ತು, ಅದನ್ನು ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ: ‘ಒಂದು ನಿಮಿಷವೂ ಒಬ್ಬಳನ್ನೇ ಬಿಡಬಾರದು.’ ಅದರ ಕೆಳಗೆ ಗಂಟೆಗಳು, ಯಾವ ಗಂಟೆಗೆ ತನ್ನ ಅಕ್ಕ, ಯಾವ ಗಂಟೆಗೆ ತಾನು.

ಮೂರನೆಯ ಮಹಡಿಯ ಮನೆ, ಲಿಫ್ಟು ಇಲ್ಲ, ನಲವತ್ತೆರಡು ಮೆಟ್ಟಿಲು. ನಾಲ್ಕು ವರ್ಷದ ಹಿಂದೆ ಅವನು ಆ ನಲವತ್ತೆರಡನ್ನೂ ಗಾಳಿಯಲ್ಲಿ ನಡೆದಂತೆ ಹತ್ತಿದ್ದ. ನಾಲ್ಕು ದಿನದ ಚೋಟಿಯನ್ನು ಆಟೋದಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದವನಿಗೆ ಕೆಳಗಿನ ಬಾಗಿಲು ತೆರೆದದ್ದು ಗೊತ್ತು, ಯಾರೋ ‘ಏನು ಮಗು?’ ಎಂದದ್ದು ಗೊತ್ತು, ‘ಹೆಣ್ಣು, ಹೆಣ್ಣು’ ಎಂದು ತಾನು ಕೂಗಿ ಹೇಳಿದ್ದು ಗೊತ್ತು. ಮೇಲೆ ಅಕ್ಕ ಕಾಯುತ್ತಿದ್ದಳು, ಅಕ್ಕಪಕ್ಕದವರು ಬಂದಿದ್ದರು. ಅವನು ಬಟ್ಟೆ ಬಿಡಿಸಿ ಒಂದೊಂದೇ ಬೆರಳು ತೋರಿಸಿದ. ಮೂಗು ನನ್ನದೇ ಎಂದ. ಯಾರೋ ಅಲ್ಲ ಎಂದರು, ಅದಕ್ಕೊಂದು ಜಗಳವಾಡಿದ. ಟೀ ಬಂತು, ಕುಡಿದ. ಮಗು ಅತ್ತಿತು, ಕೈಯಿಂದ ಕೈಗೆ ಹೋಯಿತು, ಮತ್ತೆ ಅತ್ತಿತು. ಆಗ ಅಕ್ಕ, “ಅಲ್ಲೋ, ಹೆತ್ತವಳೆಲ್ಲೋ?” ಎಂದಳು. ಅವನು ಹಿಂದಕ್ಕೆ ತಿರುಗಿ ನೋಡಿದ, ಅವಳು ಬಾಗಿಲ ಹಿಂದೆ ನಿಂತಿರಬಹುದು ಎಂಬಂತೆ. ಬಾಗಿಲ ಹಿಂದೆ ಪೊರಕೆ ಇತ್ತು. ಗಡಿಯಾರ ನೋಡಿದ; ಇಪ್ಪತ್ತು ನಿಮಿಷ ಕಳೆದಿತ್ತು. ಓಡಿ ಇಳಿದರೆ, ಏಳು ಮೆಟ್ಟಿಲ ಕೆಳಗೆ, ಮೆಟ್ಟಿಲು ತಿರುಗುವ ಜಾಗದಲ್ಲಿ, ಮೂವತ್ತೈದನೆಯ ಮೆಟ್ಟಿಲ ಮೇಲೆ ಅವಳು ಒಂದು ಮಗ್ಗುಲಿಗೆ ವಾಲಿ, ಗೋಡೆಗೆ ಹಣೆ ಒತ್ತಿ ಕುಳಿತಿದ್ದಳು. ಹೊಲಿಗೆ ಹಾಕಿದ ಮೈಯನ್ನು ತಣ್ಣನೆಯ ಕಲ್ಲಿನ ಮೇಲೆ ಇಟ್ಟು. “ಬಂದೆ, ಸ್ವಲ್ಪ ಕೂತೆ ಅಷ್ಟೆ,” ಎಂದಳು ಅವಳು. ಎದ್ದು, ಗೋಡೆ ಹಿಡಿದು, ಏಳು ಮೆಟ್ಟಿಲೂ ಹತ್ತಿದಳು. ಅಂದಿನಿಂದ ಇಂದಿನವರೆಗೆ ಆ ಮಾತು ಎತ್ತಿಲ್ಲ. ಬೈದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತು. ಅವನು ಸಾರಿಗೆ ಉಪ್ಪು ಹೆಚ್ಚು ಸುರಿದರೆ ಬೈಯುವವಳು, ಒದ್ದೆ ಟವೆಲು ಮಂಚದ ಮೇಲೆ ಬಿಟ್ಟರೆ ಇಡೀ ಕಟ್ಟಡಕ್ಕೆ ಕೇಳುವಂತೆ ಬೈಯುವವಳು, ಇದೊಂದಕ್ಕೆ ಬೈಯಲಿಲ್ಲ.

ಮುಕ್ಕಾಲು ಇಂಚು ಕೊಯ್ದ ನಾಲ್ಕು ತುಂಡುಗಳನ್ನೂ ಡ್ರಿಲ್ಲನ್ನೂ ಚೀಲಕ್ಕೆ ಹಾಕಿ, ಮಡಿಚುವ ಕೀಲು ಹಾಕಿದ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಮಧ್ಯಾಹ್ನ ಎರಡಕ್ಕೆ ಕಟ್ಟಡದ ಮೆಟ್ಟಿಲು ಹತ್ತಿದ. ಹಲಗೆಯ ವಿಷಯ ಹೆಂಡತಿಗೂ ಹೇಳಿರಲಿಲ್ಲ. ತಿರುವಿನ ಗೋಡೆಗೆ ಕೂರಿಸಿದರೆ, ಬೇಕಾದಾಗ ಬಿಚ್ಚಿ ಕೂರಬಹುದು, ಬೇಡದಾಗ ಗೋಡೆಗೆ ಮಡಿಚಿಡಬಹುದು; ದಾರಿಗೆ ಅಡ್ಡವಿಲ್ಲ. ಮುಂದಿನ ಅಂಚನ್ನು ಎಷ್ಟು ನಯ ಮಾಡಿದ್ದನೆಂದರೆ ಚೋಟಿಯ ಕೆನ್ನೆಯನ್ನು ಉಜ್ಜಿದರೂ ಗೀರಾಗುವ ಹಾಗಿರಲಿಲ್ಲ. ಮನೆಯಲ್ಲಿ ತಾಯಿ ಮಗಳು ಮಲಗಿರುವ ಹೊತ್ತು. ಶಬ್ದ ಕೇಳಿ ಏಳುವುದರೊಳಗೆ ನಾಲ್ಕು ತೂತು ಕೊರೆದು ಮುಗಿಸಿಬಿಡೋಣ ಎಂದುಕೊಂಡು ಡ್ರಿಲ್ಲು ಚಾಲೂ ಮಾಡಿದ. ಮೊದಲ ತೂತಿಗೇ ತಟ್ಟೆಯಗಲದ ಗಾರೆ ಕಿತ್ತುಕೊಂಡು ಬಂದು ಅವನ ಪಾದದ ಮೇಲೆ ಬಿತ್ತು.

ಎರಡನೆಯ ಮಹಡಿಯ ಬಾಗಿಲು ತೆರೆಯಿತು. ಕಟ್ಟಡದ ಯಜಮಾನಿ ಅಲ್ಲೇ ಇದ್ದರು, ಎಲ್ಲರಿಗೂ ಅವರು ಓನರಮ್ಮ. ಮೂವತ್ತು ವರ್ಷ ಶಾಲೆಯಲ್ಲಿ ಹೆಡ್‌ಮಿಸ್ಸಾಗಿದ್ದವರು, ಮಂಡಿ ನೋವಿಗೂ ಗದರಿಸಿಯೇ ಮಾತಾಡುವವರು.

“ಯಾರಪ್ಪನ ಗೋಡೆ ಅಂತ ಕೊರೀತಿದ್ದೀಯ?”

ಅವನು ಡ್ರಿಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟ. ಮೂವತ್ತಾರು ವರ್ಷದ ಗಂಡಸು, ಕೂದಲಲ್ಲಿ ಸುಣ್ಣದ ಪುಡಿ, ಪಾದದ ಮೇಲೆ ಗಾರೆ. “ಅಮ್ಮಾ, ಗಾರೆ ನಾನೇ ಮೆತ್ತಿ ಕೊಡ್ತೀನಿ. ಒಂದು ಹಲಗೆ ಹಾಕ್ತಿದ್ದೆ. ಹೆರಿಗೆ ಆಗಿ ಬಂದಾಗ ಅವಳು ಇಲ್ಲಿ ಸ್ವಲ್ಪ ಕೂತು...”

“ಹಲಗೆ! ಹೋದ ಸಲ ಬರೀ ಕಲ್ಲಿನ ಮೇಲೆ ಕೂತಿದ್ದಳಲ್ಲ, ಆಗ ಎಲ್ಲಿತ್ತು ನಿನ್ನ ಹಲಗೆ?”

ಅವನಿಗೆ ಮೆಟ್ಟಿಲು ಒಂದಡಿ ಕುಸಿದ ಹಾಗಾಯಿತು. ಇದು ತನಗೂ ಅವಳಿಗೂ ಅಕ್ಕನಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ. ಈಯಮ್ಮನಿಗೆ ಪ್ರತಿ ತಿಂಗಳು ಬಾಡಿಗೆ ಕೊಡುವಾಗ ಮುಖ ತೋರಿಸಿದ್ದ, ಹೊಸ ವರ್ಷಕ್ಕೆ ಶುಭಾಶಯ ಹೇಳಿದ್ದ, ಇವರ ಕುರ್ಚಿಯ ಕಾಲು ಸರಿಮಾಡಿ ಕೊಟ್ಟು ‘ಒಳ್ಳೇ ಹುಡುಗ’ ಎನ್ನಿಸಿಕೊಂಡಿದ್ದ. ಅಷ್ಟೂ ದಿನ ಇವರು ಎಲ್ಲ ತಿಳಿದುಕೊಂಡೇ ನೋಡುತ್ತಿದ್ದರು.

“ನಾನೇ ನೀರು ತಂದುಕೊಟ್ಟೆ,” ಎಂದರು ಓನರಮ್ಮ, ದನಿ ಸ್ವಲ್ಪ ಇಳಿಸಿ. “ಮೇಲೆ ಹೋಗಿ ನಿನ್ನ ಗಂಡನ್ನ ಕರೀತೀನಿ ಅಂದೆ. ಬೇಡ ಅಂದಳು. ಕೈ ಹಿಡ್ಕೊಂಡು ಬೇಡ ಅಂದಳು. ಅವಳ ಮುಖ ನೋಡಿ ನಾನೂ ಸುಮ್ಮನಾದೆ.” ಹಲಗೆಯ ಹತ್ತಿರ ಬಂದು ಅದನ್ನು ಬಿಚ್ಚಿ ನೋಡಿದರು, ಮಡಿಚಿ ನೋಡಿದರು, ಅಂಗೈಯಿಂದ ಒತ್ತಿ ನೋಡಿದರು. “ಹಾಕೋದಾದ್ರೆ ಗಟ್ಟಿಯಾಗಿ ಹಾಕು. ನನಗೂ ಮಂಡಿ ನೋವು. ಈ ಗಾರೆ ಗುಡಿಸಿ ಹೋಗು ಮತ್ತೆ,” ಎಂದು ಬಾಗಿಲು ಹಾಕಿಕೊಂಡರು.

ಗುಡಿಸಿದ. ಉಳಿದ ಮೂರು ತೂತು ಕೊರೆದ, ಹಲಗೆ ಕೂರಿಸಿದ, ತಿರುಪು ಬಿಗಿದ. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಒಂದೇ ಮಾತು. ಬೇಡ ಅಂದಳು. ಕೈ ಹಿಡಿದು ಬೇಡ ಅಂದಳು. ಗಂಡನ ಮುಖವೂ ಬೇಡ ಎನ್ನುವಷ್ಟು ಬೇಸತ್ತಿದ್ದಳು ಎಂದಾಯಿತು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ನಾಲ್ಕು ವರ್ಷ ತನಗೆ ಅಡಿಗೆ ಮಾಡಿ ಹಾಕಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದ್ದಳು, ಮತ್ತೊಂದು ಮಗುವಿಗೆ ಒಪ್ಪಿದ್ದಳು. ಅವನು ಹಲಗೆಯ ಮೇಲೆ ಕುಳಿತು ನೋಡಿದ, ಭಾರ ತಡೆಯಿತು. ತಡೆದರೇನು? ಮಂಚ ಎತ್ತರಿಸಿ, ಹಿಡಿ ಹಾಕಿ, ಮಣೆ ಮಾಡಿ, ಕೊನೆಗೆ ತಾನು ಯಾರ ಹೊಲಿಗೆ ಮಾಯಿಸಲು ಹೊರಟಿದ್ದೇನೆ ಎಂಬ ಸಂಶಯ ಮೊದಲ ಸಲ ಬಂತು. ತನ್ನ ಮೇಲೆಯೇ ಹೇಸಿಗೆಯಾಯಿತು.

ಮನೆಯಲ್ಲಿ ಚೋಟಿ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹೆಂಡತಿ ಮಂಚದ ಮೇಲೆ, ಊದಿದ ಕಾಲುಗಳನ್ನು ದಿಂಬಿನ ಮೇಲಿಟ್ಟು, ಪುಟ್ಟ ಪುಟ್ಟ ಬಟ್ಟೆಗಳನ್ನು ಮಡಿಸುತ್ತಿದ್ದಳು.

“ಕೆಳಗೆ ಏನ್ರೀ ಯುದ್ಧ? ಒಳಗೆ ಇರೋದು ಕೂಡ ಬೆಚ್ಚಿ ಒದೀತು.”

“ಹಲಗೆ ಹಾಕ್ದೆ. ತಿರುವಿನಲ್ಲಿ.” ಅವನು ಚೀಲವನ್ನು ನೆಲಕ್ಕಿಟ್ಟ, ತುಂಡುಗಳನ್ನು ತೆಗೆಯಲಿಲ್ಲ. “ಓನರಮ್ಮ ನಿನಗೆ ನೀರು ಕೊಟ್ಟಿದ್ರಂತೆ. ಅವತ್ತು.”

ಅವಳ ಕೈ ನಿಂತಿತು. ಯಾವತ್ತು ಎಂದು ಕೇಳಲಿಲ್ಲ.

“ನನ್ನ ಕರೀಬೇಡಿ ಅಂದ್ಯಂತೆ. ಮುಖ ನೋಡೋದೂ ಬೇಡ ಅನ್ನಿಸ್ತಾ ನಿನಗೆ? ಅನ್ನಿಸಿದ್ರೆ ತಪ್ಪಿಲ್ಲ. ಆದ್ರೆ ಒಂದು ಸಲ ಬೈದಾದ್ರೂ ಬಿಡೇ. ಈಗಲಾದ್ರೂ.”

ಅವಳು ಪಕ್ಕದಲ್ಲಿ ಬಟ್ಟೆ ಸರಿಸಿ ಜಾಗ ಮಾಡಿದಳು. ಅವನು ಸುಣ್ಣದ ಪುಡಿಯಲ್ಲೇ ಕುಳಿತ. ಹಾಸಿಗೆ ಗಲೀಜಾಯಿತು ಎಂದು ಅವಳು ಅನ್ನಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು.

“ಬೈದಿದ್ದೀನಿ ಬಿಡಿ. ಮೊದಲ ಐದು ನಿಮಿಷ ಬಾಯಿಗೆ ಬಂದ ಹಾಗೆ ಬೈದೆ, ಮನಸ್ಸಲ್ಲೇ. ನಿಮ್ಮಕ್ಕನ್ನೂ ಸೇರಿಸಿ.”

“ಆಮೇಲೆ?”

“ಆಮೇಲೆ ಸುಮ್ಮನಾಯ್ತು.” ಅವಳು ಒಂದು ಪುಟ್ಟ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು. “ನಾಲ್ಕು ದಿನದಿಂದ ಒಬ್ರಲ್ಲ ಒಬ್ರು ನನ್ನ ಮುಟ್ತಾನೇ ಇದ್ರು ರೀ. ಡಾಕ್ಟರು, ಸಿಸ್ಟರು, ಮಗು. ಆ ಮೆಟ್ಟಿಲ ಮೇಲೆ ಯಾರೂ ಮುಟ್ಟಲಿಲ್ಲ. ಗೋಡೆ ತಣ್ಣಗಿತ್ತು. ಮೇಲೆ ಇವಳು ಅಳ್ತಿದ್ಲು, ಕೇಳಿಸ್ತಿತ್ತು. ಎದೆ ತುಂಬಿ ಬಟ್ಟೆಯೆಲ್ಲ ಒದ್ದೆ ಆಯ್ತು. ಆದ್ರೂ ನಾನು ಏಳಲಿಲ್ಲ. ನೋವಿಗೆ ಏಳೋಕೆ ಆಗಲಿಲ್ಲ ಅಂದ್ಕೊಂಡಿದ್ದೀರಿ ನೀವು. ಏಳಬಹುದಿತ್ತು. ಬೇಡ ಅನ್ನಿಸ್ತು. ಯಾರಾದ್ರೂ ಇಟ್ಕೊಳ್ಲಿ ಅನ್ನಿಸ್ತು. ಒಂದು ಸಲ... ಹಾಗೇ ಕೆಳಗಿಳಿದು ಹೋಗಿಬಿಡ್ಲಾ ಅಂತಾನೂ ಅನ್ನಿಸ್ತು.”

ಚಾಪೆಯ ಮೇಲೆ ಚೋಟಿ ಮಗ್ಗುಲಾದಳು. ಇಬ್ಬರೂ ಅವಳು ಮತ್ತೆ ನಿದ್ದೆಗೆ ಇಳಿಯುವವರೆಗೆ ಕಾದರು.

“ನಾಲ್ಕು ದಿನದ ಕೂಸನ್ನ ಬೇಡ ಅನ್ನೋ ತಾಯಿ ಇರ್ತಾಳಾ ಅಂತ ನಾನು ನಡುಗ್ತಾ ಕೂತಿದ್ದೆ. ಅಷ್ಟರಲ್ಲಿ ನೀವು ಓಡಿ ಬಂದ್ರಿ. ತಪ್ಪೆಲ್ಲ ನಿಮ್ದೇ ಅನ್ನೋ ಮುಖ ಮಾಡ್ಕೊಂಡು ನಿಂತ್ರಿ. ಒಳ್ಳೇದೇ ಆಯ್ತು ಅಂತ ನಾನೂ ಹಾಗೇ ಬಿಟ್ಟೆ.” ಅವಳ ಕಣ್ಣು ತುಂಬಿತ್ತು, ಆದರೂ ತುಟಿಯ ತುದಿಯಲ್ಲಿ ಒಂದು ತುಂಟತನ ಬಂತು. “ಅವತ್ತಿಂದ ನೀವು ನನ್ನ ಹಿಂದೇನೇ ಮೆಟ್ಟಿಲು ಹತ್ತಿದ್ರಿ, ಚೀಲ ಎಲ್ಲ ಹೊತ್ಕೊಂಡು. ನಾನು ಸುಮ್ನೆ ಹತ್ತಿಸ್ಕೊಂಡೆ. ಎಷ್ಟು ಸಲ ಹೇಳಬೇಕು ಅಂದ್ಕೊಂಡೆ. ಹೇಳಿದ್ರೆ ನಿಮ್ಮ ಮಗಳ ಮುಂದೆ ನಾನು ಏನಾಗ್ತೀನೋ ಅಂತ.”

ಅವನಿಗೆ ಮೊದಲು ಏನೋ ಕಳೆದುಕೊಂಡ ಹಾಗಾಯಿತು. ನಾಲ್ಕು ವರ್ಷ ಸಾಕಿದ ತಪ್ಪು ತನ್ನೊಬ್ಬನದೇ ಅಲ್ಲವೆಂದರೆ ಈಗ ಏನನ್ನು ಹೊತ್ತುಕೊಂಡು ತಿರುಗುವುದು? ಆಮೇಲೆ, ತಾನು ಮೇಲೆ ಮೂಗಿನ ಬಗ್ಗೆ ಜಗಳವಾಡುತ್ತಿದ್ದ ಆ ಇಪ್ಪತ್ತು ನಿಮಿಷದಲ್ಲಿ ಅವಳು ಎಷ್ಟು ದೂರ ಹೋಗಿ, ಯಾರೂ ಕರೆಯದೆ, ತಾನಾಗಿ ವಾಪಸು ಬಂದಿದ್ದಾಳೆ ಎಂಬುದು ಅರ್ಥವಾಯಿತು. ಇವಳನ್ನು ತಾನು ಎಷ್ಟು ಪ್ರೀತಿಸುತ್ತೇನೆಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ಅವಳ ಊದಿದ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದ. “ನೀನು ಏನೂ ಆಗಲ್ಲ ಕಣೇ,” ಎಂದ. “ಅವಳ ಮುಂದೂ ಆಗಲ್ಲ, ನನ್ನ ಮುಂದೂ ಆಗಲ್ಲ. ನೀನು ಬಂದ್ಯಲ್ಲ.”

ಅವಳು ಗೋಡೆಗೆ ಒರಗಿಸಿಟ್ಟಿದ್ದ ಪ್ಲೈವುಡ್ಡಿನ ಕಡೆ ಗದ್ದ ತೋರಿಸಿದಳು. “ಅದನ್ನ ದಿನಾ ಓದ್ತೀನಿ ನಾನು. ಎಲ್ಲಾ ಇದೆ ಅದರಲ್ಲಿ. ಮಣೆ, ಹಿಡಿ, ನೀರು. ಓದಿದಾಗೆಲ್ಲ ಹೊಟ್ಟೆ ತಣ್ಣಗಾಗುತ್ತೆ. ಆದ್ರೆ ಯಾವ ಗಂಟೆ ನೋಡಿದ್ರೂ ಯಾರೋ ಒಬ್ರು ನನ್ನ ಪಕ್ಕ ಕೂತಿದ್ದೀರಿ. ನಿಮ್ಮಕ್ಕ ಇಲ್ಲಾಂದ್ರೆ ನೀವು, ನೀವಿಲ್ಲಾಂದ್ರೆ ನಿಮ್ಮಕ್ಕ. ಉಸಿರು ಬಿಡೋಕೂ ಸರದಿ ಹಾಕಿದ್ದೀರಿ.”

ಅವನು ಒತ್ತುವುದನ್ನು ನಿಲ್ಲಿಸಿದ. ಎರಡು ಗೆರೆ ಎಳೆದ ಸಾಲು ಅಲ್ಲಿಂದಲೇ ಕಾಣುತ್ತಿತ್ತು. “ಹಾಗಾದ್ರೆ ಏನು ಮಾಡ್ಲಿ?” ಎಂದ. ಎರಡು ತಿಂಗಳಲ್ಲಿ ಈ ಪ್ರಶ್ನೆಯನ್ನು ಸಿಸ್ಟರಿಗೆ ಕೇಳಿದ್ದ, ಅಕ್ಕನಿಗೆ ಕೇಳಿದ್ದ, ಇವಳಿಗೆ ಕೇಳಿರಲಿಲ್ಲ.

“ಮನೆಗೆ ಬರೋ ದಿನ ನೀವು ಮಗು ಎತ್ಕೊಂಡು ಮುಂದೆ ಹೋಗಿ. ಎಲ್ರಿಗೂ ತೋರ್ಸಿ. ಮೂಗಿಗೆ ಜಗಳ ಆಡಿ. ನಾನು ನಿಮ್ಮ ಹಲಗೆ ಮೇಲೆ ಕೂತಿರ್ತೀನಿ.”

“ಒಬ್ಳೇನಾ?”

“ಒಬ್ಳೇ. ಮರೆತು ಬಿಟ್ಟು ಹೋಗೋದಲ್ಲ ರೀ. ಗೊತ್ತಿದ್ದು ಬಿಟ್ಟು ಹೋಗಿ.”

ಅವನು ತಲೆಯಾಡಿಸಿದ. ಆಡಿಸಿದ ಮೇಲೆ, ಆ ಹಲಗೆಯಿಂದ ಬೀದಿಗೆ ಇಳಿಯುವ ಮೂವತ್ತೈದು ಮೆಟ್ಟಿಲು ಒಂದೊಂದಾಗಿ ಅವನ ಕಣ್ಣಿಗೆ ಬಂದವು. ತಾನು ಮೇಲೆ, ಮಗು ಕೈಯಲ್ಲಿ, ಬಾಗಿಲು ತೆರೆದಿದೆ, ಗಡಿಯಾರ ಓಡುತ್ತಿದೆ, ಇಳಿದು ನೋಡುವ ಹಾಗಿಲ್ಲ.

“ಆಮೇಲೆ ಕರೀತೀಯ ತಾನೆ?” ಎಂದ.

“ಕರೀತೀನಿ,” ಎಂದಳು.